ಮೆಟ್ಟಿಲು ಹತ್ತಲಾಗದ ಮಕ್ಕಳ ಮನೆ

ನಾನು ಐದನೆಯ ವಯಸ್ಸಿನಿಂದ ಹನ್ನೊಂದನೆಯ ವಯಸ್ಸಿನವರೆಗೆ ಬೆಳೆದ, ಅಂಗವಿಕಲ ಮಕ್ಕಳ ವಸತಿ ಕೇಂದ್ರದವರು ಸ್ಮರಣ ಸಂಚಿಕೆ ತರಲು ಹೊರಟಾಗ, ಹಳೆಯ ಮಕ್ಕಳಲ್ಲಿ ಬರೆಯುವ ಅಭ್ಯಾಸವಿರುವವನೆಂದು ನನ್ನನ್ನು ಹುಡುಕಿ, ಇಂಥ ಕೇಂದ್ರಗಳ ಇತಿಹಾಸವನ್ನು ಎರಡು ಪುಟಗಳಲ್ಲಿ ಬರೆದುಕೊಡಿ ಎಂದು ಕೇಳಿದರು. ಬರೆದುಕೊಟ್ಟೆ, ಅದು ಅಚ್ಚೂ ಆಯಿತು. ಸಂಸ್ಥಾಪಕರ ಕರುಣೆ, ದಾನಿಗಳ ಔದಾರ್ಯ, ಕಟ್ಟಡಕ್ಕೆ ಕಟ್ಟಡ ಸೇರಿದ ಬಗೆ ಎಲ್ಲವೂ ಅದರಲ್ಲಿ ಕ್ರಮವಾಗಿ ಬಂದಿವೆ. ಆದರೆ ಅದಕ್ಕಾಗಿ ಓದುತ್ತ ಹೋದಂತೆ ನನ್ನನ್ನು ಕಾಡಿದ ಪ್ರಶ್ನೆ ಬೇರೆಯೇ ಆಗಿತ್ತು. ಕಾಲು ನಡೆಯದ ಮಗುವನ್ನು ಅದರ ಮನೆಯಿಂದ ತಂದು ಇನ್ನೊಂದು ಮನೆಯಲ್ಲಿ ವರ್ಷಗಟ್ಟಲೆ ಇರಿಸಬೇಕು ಎಂದು ಮೊದಲಿಗೆ ಯಾರಿಗೆ, ಯಾಕೆ ತೋಚಿತು? ಸಂಚಿಕೆಯಲ್ಲಿ ಹಿಡಿಸದ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಳೆ ವೈದ್ಯರ ಶಾಸ್ತ್ರಕ್ಕೆ ಆರ್ಥೊಪೀಡಿಕ್ಸ್ ಎಂಬ ಹೆಸರು ಬಂದದ್ದೇ ಮಕ್ಕಳಿಂದ. 1741ರಲ್ಲಿ ಫ್ರೆಂಚ್ ವೈದ್ಯ ನಿಕೊಲಾ ಆಂದ್ರಿ ಗ್ರೀಕ್ ಭಾಷೆಯ ‘ನೆಟ್ಟಗೆ’ ಮತ್ತು ‘ಮಗು’ ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಿದರು. ಸೊಟ್ಟಗೆ ಬೆಳೆದ ಎಳೆಯ ಮರವೊಂದನ್ನು ಗೂಟಕ್ಕೆ ಹಗ್ಗದಿಂದ ಸುತ್ತಿ ಬಿಗಿದ ಚಿತ್ರ ಅವರ ಪುಸ್ತಕದಲ್ಲಿದೆ. ಜಗತ್ತಿನ ಎಷ್ಟೋ ಮೂಳೆ ವೈದ್ಯರ ಸಂಘಗಳಿಗೆ ಇಂದಿಗೂ ಅದೇ ಲಾಂಛನ. ನಾನು ಆ ಚಿತ್ರವನ್ನು ಆಸ್ಪತ್ರೆಗಳ ಗೋಡೆಯ ಮೇಲೆ ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಆ ಪುಸ್ತಕವನ್ನು ಆಂದ್ರಿ ಬರೆದದ್ದು ವೈದ್ಯರಿಗಾಗಿ ಅಲ್ಲ, ಮಕ್ಕಳನ್ನು ಸಾಕುವ ತಂದೆತಾಯಿಯರು ಮನೆಯಲ್ಲೇ ಏನು ಮಾಡಬಹುದು ಎಂದು ಹೇಳಿಕೊಡುವುದಕ್ಕಾಗಿ ಎಂಬುದು ನನಗೆ ತಿಳಿದದ್ದು ಈಗ. ಗೂಟಕ್ಕೆ ಕಟ್ಟಿದ ಆ ಮರ ಹುಟ್ಟಿದ ಜಾಗದಲ್ಲೇ ನಿಂತಿದೆ, ಅದನ್ನು ಯಾರೂ ಕಿತ್ತು ಬೇರೆಡೆ ನೆಟ್ಟಿಲ್ಲ.

ಕಿತ್ತು ನೆಡುವ ಕೆಲಸ ಶುರುವಾದದ್ದು ಸುಮಾರು ನಲವತ್ತು ವರ್ಷಗಳ ನಂತರ, ಸ್ವಿಟ್ಜರ್ಲೆಂಡಿನ ಓರ್ಬ್ ಎಂಬ ಸಣ್ಣ ಪಟ್ಟಣದಲ್ಲಿ. ಝಾನ್ ಆಂದ್ರೆ ವೆನೆಲ್ ಎಂಬ ವೈದ್ಯರು 1780ರಲ್ಲಿ ಅಲ್ಲಿ ತೆರೆದ ಸಂಸ್ಥೆಯನ್ನು ಜಗತ್ತಿನ ಮೊದಲ ಮೂಳೆ ಆಸ್ಪತ್ರೆ ಎಂದು ಕರೆಯುತ್ತಾರೆ. ಮಕ್ಕಳು ಅಲ್ಲೇ ಉಳಿದು ಚಿಕಿತ್ಸೆಯ ಜೊತೆಗೆ ಪಾಠವನ್ನೂ ಕಲಿಯುತ್ತಿದ್ದುದರಿಂದ ಅದನ್ನು ಮೊದಲ ವಸತಿ ಕೇಂದ್ರ ಎಂದರೂ ತಪ್ಪಾಗದು. ವೆನೆಲ್ ಅವರಿಗೆ ಮಕ್ಕಳನ್ನು ಹತ್ತಿರ ಇರಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಹುಟ್ಟಿನಿಂದಲೇ ಒಳಕ್ಕೆ ತಿರುಚಿದ ಪಾದವನ್ನು ಅವರು ಚಾಕುವಿನಿಂದ ಮುಟ್ಟದೆ, ತಾವೇ ರೂಪಿಸಿದ ಪಾದರಕ್ಷೆಯಂಥ ಸಾಧನದಿಂದ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಿದ್ದರು. ಇಂದು ಎಷ್ಟು ಬಿಗಿಯಬೇಕು, ನಾಳೆ ಎಷ್ಟು ಸಡಿಲಿಸಬೇಕು ಎಂಬುದನ್ನು ಕಣ್ಣೆದುರು ಪಾದವಿಲ್ಲದೆ ನಿರ್ಧರಿಸುವುದು ಸಾಧ್ಯವಿರಲಿಲ್ಲ. ಹೀಗೆ ಮೊದಲ ಕೇಂದ್ರ ಹುಟ್ಟಿದ್ದು ಸಾಧನದ ಅಗತ್ಯದಿಂದ. ಇದು ನನಗೆ ಸಮಾಧಾನ ಕೊಟ್ಟ ಸಂಗತಿ, ಏಕೆಂದರೆ ಕರುಣೆಯಿಂದ ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಆ ಪದದ ಭಾರ ಎಷ್ಟೆಂದು ಗೊತ್ತಿರುತ್ತದೆ.

ಮುಂದಿನ ನೂರು ವರ್ಷಗಳಲ್ಲಿ ಗುರಿ ಮಗುವಿನ ಪಾದದಿಂದ ಕೈಗೆ ಸರಿಯಿತು. ಮ್ಯೂನಿಕ್ ನಗರದಲ್ಲಿ 1832ರಲ್ಲಿ ಯೋಹಾನ್ ನೆಪೊಮುಕ್ ಫಾನ್ ಕುರ್ಟ್ಸ್ ಸ್ಥಾಪಿಸಿದ, 1844ರಲ್ಲಿ ಬವೇರಿಯ ಸರ್ಕಾರ ವಹಿಸಿಕೊಂಡ ಸಂಸ್ಥೆಯಲ್ಲಿ ಚಿಕಿತ್ಸೆಗಿಂತ ಕಸುಬಿನ ಕಲಿಕೆಗೆ ಹೆಚ್ಚಿನ ಬೆಲೆಯಿತ್ತು; ಕಲಿಯಬಲ್ಲ ಮಕ್ಕಳನ್ನು ಮಾತ್ರ ಆರಿಸಿ ಸೇರಿಸಿಕೊಳ್ಳುತ್ತಿದ್ದರು. ಕೋಪನ್‌ಹೇಗನ್‌ನಲ್ಲಿ 1872ರಲ್ಲಿ ಹಾನ್ಸ್ ಕ್ನುಡ್ಸನ್ ಎಂಬ ಪಾದ್ರಿ ಚಿಕಿತ್ಸೆ, ಸಾಧನ, ಕಸುಬು ಮೂರನ್ನೂ ಒಂದೇ ಕಡೆ ತರುವ ಕೆಲಸಕ್ಕೆ ಕೈಹಾಕಿದರು. ನ್ಯೂಯಾರ್ಕಿನಲ್ಲಿ ಜೇಮ್ಸ್ ನೈಟ್ ಎಂಬ ವೈದ್ಯರು 1863ರಲ್ಲಿ ತಮ್ಮ ಮನೆಯಲ್ಲೇ 28 ಹಾಸಿಗೆ ಹಾಕಿ ಆಸ್ಪತ್ರೆ ತೆರೆದರು. ಶಸ್ತ್ರಚಿಕಿತ್ಸೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಪಟ್ಟಿ, ಕಟ್ಟು, ಆಹಾರ, ಬಿಸಿಲು ಇಷ್ಟರಲ್ಲೇ ಅವರ ನಂಬಿಕೆ ಇದ್ದುದರಿಂದ ಮಕ್ಕಳು ಬಹಳ ಕಾಲ ಅಲ್ಲೇ ಇರುತ್ತಿದ್ದರು. ಈ ಸಂಸ್ಥೆಗಳ ಹೆಸರುಗಳಲ್ಲೆಲ್ಲ ನಾವು ಇಂದು ಬಾಯಲ್ಲಿ ಹೇಳಲು ಹಿಂಜರಿಯುವ ‘ಹೆಳವ’, ‘ಕುಂಟ’ ಎಂಬಂಥ ಪದಗಳು ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿದ್ದವು. ಅದನ್ನು ಈಗಿನ ಕಣ್ಣಿನಿಂದ ನೋಡಿ ಬೈಯುವುದು ಸುಲಭ. ಬಾಗಿಲ ಮೇಲಿನ ಆ ಪದದ ಕೆಳಗೆ ದಿನಾ ಓಡಾಡಿದ ಮಗುವಿಗೆ ಅದು ಏನು ಮಾಡಿತು ಎಂಬುದನ್ನು ಮಾತ್ರ ಯಾವ ವರದಿಯೂ ಬರೆದಿಡಲಿಲ್ಲ.

ವಸತಿ ವರ್ಷಗಟ್ಟಲೆಗೆ ಬೆಳೆದದ್ದಕ್ಕೆ ಮುಖ್ಯ ಕಾರಣ ಮೂಳೆ ಕ್ಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಇಂಥ ಮನೆಗಳನ್ನು ತುಂಬಿದ್ದವರಲ್ಲಿ ಬಹಳಷ್ಟು ಮಕ್ಕಳಿಗೆ ಬೆನ್ನುಮೂಳೆ, ಸೊಂಟ ಅಥವಾ ಮಂಡಿಯ ಕ್ಷಯವಿತ್ತು. ರೋಗ ತಗುಲಿದ ಹಸುಗಳ ಕಾಯಿಸದ ಹಾಲು ಅದಕ್ಕೆ ಒಂದು ದೊಡ್ಡ ದಾರಿಯಾಗಿತ್ತು. ಉಳಿದವರಿಗೆ ಪೋಲಿಯೊ ಅಥವಾ ಮೂಳೆ ಮೆದುವಾಗಿ ಬಾಗುವ ರಿಕೆಟ್ಸ್. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ವೇಲ್ಸ್ ಕಡೆಯ ಮೂಳೆ ಕೂರಿಸುವ ನಾಟಿ ವೈದ್ಯರ ಮನೆತನದಲ್ಲಿ ಹುಟ್ಟಿ ಲಿವರ್‌ಪೂಲ್‌ನಲ್ಲಿ ವೈದ್ಯರಾಗಿದ್ದ ಹ್ಯೂ ಓವೆನ್ ಥಾಮಸ್ ಕಂಡುಕೊಂಡ ಉಪಾಯವೆಂದರೆ ವಿಶ್ರಾಂತಿ: ಕಡ್ಡಾಯವಾದ, ನಡುವೆ ಎಲ್ಲೂ ಮುರಿಯದ, ದೀರ್ಘವಾದ ವಿಶ್ರಾಂತಿ. ಮಗುವಿನ ಕಾಲನ್ನು, ಅಲುಗದಂತೆ ಹಿಡಿಯುವ ಕಬ್ಬಿಣದ ಚೌಕಟ್ಟಾದ ಸ್ಪ್ಲಿಂಟಿಗೆ ಕಟ್ಟಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಿಸಬೇಕು. ಇಬ್ಬರೂ ದುಡಿಯಲು ಹೋಗುವ, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಚಿಕಿತ್ಸೆಯೇ ಹಾಸಿಗೆಯಾದ ಮೇಲೆ ಹಾಸಿಗೆಗೊಂದು ಮನೆ ಬೇಕಾಯಿತು.

ಈ ಇಡೀ ಚರಿತ್ರೆಯಲ್ಲಿ ನನಗೆ ಹತ್ತಿರದವರಾಗಿ ಕಂಡದ್ದು ಆಗ್ನೆಸ್ ಹಂಟ್. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಅನುಕೂಲಸ್ಥ ಮನೆತನದ ಈ ಹೆಣ್ಣುಮಗಳಿಗೆ ಬಾಲ್ಯದಲ್ಲಿ ರಕ್ತಕ್ಕೆ ನಂಜೇರಿ ಸೊಂಟದ ಕೀಲು ಕೆಟ್ಟಿತು. ಬದುಕಿಡೀ ಕುಂಟಿಕೊಂಡೇ ನಡೆದರು. ಅದರ ನಡುವೆಯೂ ದಾದಿಯ ತರಬೇತಿ ಪಡೆದು, ಗೆಳತಿ ಎಮಿಲಿ ಗುಡ್‌ಫರ್ಡ್ ಜೊತೆಗೂಡಿ 1900ರ ಅಕ್ಟೋಬರ್ 1ರಂದು ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಫ್ಲಾರೆನ್ಸ್ ಹೌಸ್ ಎಂಬ ಮನೆಯಲ್ಲಿ ಅಂಗವಿಕಲ ಮಕ್ಕಳ ಚೇತರಿಕೆ ಕೇಂದ್ರವನ್ನು ತೆರೆದರು. ಮನೆಯೇನೋ ಸಿಕ್ಕಿತು, ಆದರೆ ಅದರ ಮೆಟ್ಟಿಲುಗಳು ಕಡಿದಾಗಿದ್ದವು. ಸ್ಪ್ಲಿಂಟ್ ಕಟ್ಟಿದ ಮಕ್ಕಳನ್ನು ದಿನವೂ ಮಹಡಿಗೆ ಹೊತ್ತೊಯ್ಯುವುದು ಇಬ್ಬರು ಹೆಂಗಸರಿಂದ, ಅದರಲ್ಲೊಬ್ಬರು ಕುಂಟುವವರು, ಆಗುವ ಕೆಲಸವಾಗಿರಲಿಲ್ಲ. ಬೇರೆ ಕಟ್ಟಡಕ್ಕೆ ಹಣವಿರಲಿಲ್ಲ. ಹಾಗಾಗಿ ತೋಟದಲ್ಲಿ ಒಂದು ಬದಿ ಪೂರ್ತಿ ತೆರೆದಿರುವ ಮರದ ಕೊಟ್ಟಿಗೆಗಳನ್ನು ಹಾಕಿಸಿ ಮಕ್ಕಳನ್ನು ಅಲ್ಲೇ ಮಲಗಿಸಿದರು. ಚಳಿಗಾಲದಲ್ಲೂ ಅಲ್ಲೇ. ನೋಡನೋಡುತ್ತ ಮಕ್ಕಳ ಮೈಬಣ್ಣ ತಿರುಗಿತು, ಹಸಿವು ಹೆಚ್ಚಿತು, ನಗರದ ವಾರ್ಡುಗಳಲ್ಲಿ ವಾಸಿಯಾಗದ ಹುಣ್ಣುಗಳು ಮಾಯತೊಡಗಿದವು. ಬಯಲು ಗಾಳಿಯ ಚಿಕಿತ್ಸೆ ಎಂದು ನಂತರ ದೂರದೂರದಿಂದ ಜನ ನೋಡಲು ಬಂದ ವ್ಯವಸ್ಥೆಯ ಮೂಲ ಆ ಮೆಟ್ಟಿಲುಗಳಲ್ಲಿದೆ. ಮೆಟ್ಟಿಲು ಹತ್ತಲಾರದ ಹೆಂಗಸೊಬ್ಬರು ನಡೆಸದಿದ್ದರೆ, ಗಟ್ಟಿಮುಟ್ಟಾದ ನಾಲ್ಕು ಜನ ಆಳುಗಳನ್ನು ಇಟ್ಟುಕೊಂಡು ಮಕ್ಕಳನ್ನು ಮಹಡಿಗೇ ಹೊರಿಸುತ್ತಿದ್ದರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

1903ರಲ್ಲಿ ಹಂಟ್ ತಮ್ಮದೇ ಸೊಂಟವನ್ನು ತೋರಿಸಲು ಲಿವರ್‌ಪೂಲ್‌ಗೆ ಹೋದರು. ಅಲ್ಲಿ ಹ್ಯೂ ಓವೆನ್ ಥಾಮಸ್ ಅವರ ಹೆಂಡತಿಯ ಕಡೆಯ ಸಂಬಂಧಿ ಮತ್ತು ಶಿಷ್ಯ ರಾಬರ್ಟ್ ಜೋನ್ಸ್ ನೆಲ್ಸನ್ ಬೀದಿಯ ಮನೆಯಲ್ಲಿ ಭಾನುವಾರಗಳಂದು ಬಡವರಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತಿದ್ದರು. ರೋಗಿಯಾಗಿ ಹೋದವರು ಮುಂದೆ ತಮ್ಮ ಮಕ್ಕಳನ್ನೂ ಕರೆದೊಯ್ಯತೊಡಗಿದರು. ಅದಕ್ಕೆಂದೇ ಮಾಡಿಸಿದ ತಳ್ಳುಗಾಡಿಯಲ್ಲಿ ಪ್ಲಾಸ್ಟರ್ ಹಾಕಿದ, ಸ್ಪ್ಲಿಂಟ್ ಕಟ್ಟಿದ ಮಕ್ಕಳನ್ನು ಮಲಗಿಸಿಕೊಂಡು, ರೈಲು ಹತ್ತಿಸಿ, ಇಳಿಸಿ, ಲಿವರ್‌ಪೂಲ್‌ನ ಬೀದಿಗಳಲ್ಲಿ ತಳ್ಳಿಕೊಂಡು ಹೋಗುವ ಈ ಮೆರವಣಿಗೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿದ್ದೇನೆ. ಗಾಡಿಯನ್ನು ತಳ್ಳುವವರೂ ಕುಂಟುತ್ತಿದ್ದಾರೆ ಎಂಬುದೇ ಅದರ ಸೊಗಸು. ಸ್ವಲ್ಪ ಕಾಲದಲ್ಲಿ ಜೋನ್ಸ್ ಅವರೇ ಬಾಸ್‌ಚರ್ಚ್‌ಗೆ ಬಂದು ಹೋಗತೊಡಗಿದರು, ಆ ಹಳ್ಳಿಯಲ್ಲೇ ಶಸ್ತ್ರಚಿಕಿತ್ಸೆಯ ಕೋಣೆಯೂ ಆಯಿತು.

ಆದರೆ ನನ್ನ ಲೆಕ್ಕದಲ್ಲಿ ಹಂಟ್ ಮಾಡಿದ ದೊಡ್ಡ ಕೆಲಸ ಇದ್ಯಾವುದೂ ಅಲ್ಲ. ಕೇಂದ್ರದಿಂದ ಚೆನ್ನಾಗಿ ನಡೆಯುತ್ತ ಮನೆಗೆ ಹೋದ ಮಕ್ಕಳು ವರ್ಷದೊಳಗೆ ಮತ್ತೆ ಸೊಟ್ಟಗಾಗಿ ವಾಪಸು ಬರುತ್ತಿದ್ದರು. ಸ್ಪ್ಲಿಂಟು ಚಿಕ್ಕದಾಗಿರುತ್ತಿತ್ತು, ಅದರ ಪಟ್ಟಿ ಹರಿದಿರುತ್ತಿತ್ತು, ಇಲ್ಲವೇ ಅದನ್ನು ಹೇಗೆ ಕಟ್ಟಬೇಕೆಂದು ತಾಯಿಗೆ ಯಾರೂ ಹೇಳಿಕೊಟ್ಟಿರುತ್ತಿರಲಿಲ್ಲ. ಇದನ್ನು ಕಂಡ ಹಂಟ್ 1907ರಲ್ಲಿ ಹತ್ತಿರದ ಆಸ್‌ವೆಸ್ಟ್ರಿ ಪಟ್ಟಣದಲ್ಲಿ, ಮನೆಗೆ ಹೋದ ಮಕ್ಕಳನ್ನು ಅವರ ಊರ ಬಳಿಯಲ್ಲೇ ಆಗಾಗ ನೋಡುವ ಕ್ಲಿನಿಕ್ ಒಂದನ್ನು ಶುರುಮಾಡಿದರು. ದಾದಿಯೇ ಮಗುವಿದ್ದಲ್ಲಿಗೆ ಹೋಗಿ ಸಾಧನವನ್ನು ಸರಿಮಾಡುವುದು, ತಾಯಿಗೆ ಕಲಿಸಿ ಬರುವುದು, ಹಾಸಿಗೆ ನಿಜಕ್ಕೂ ಬೇಕಾದಾಗ ಮಾತ್ರ ಕೇಂದ್ರಕ್ಕೆ ಕಳಿಸುವುದು. ಹನ್ನೆರಡು ವರ್ಷಗಳ ನಂತರ, 1919ರಲ್ಲಿ, ರಾಬರ್ಟ್ ಜೋನ್ಸ್ ಮತ್ತು ಆಕ್ಸ್‌ಫರ್ಡಿನ ಗರ್ಡಲ್‌ಸ್ಟೋನ್ ಎಂಬ ಶಸ್ತ್ರವೈದ್ಯರು ಇಡೀ ದೇಶಕ್ಕೆ ಒಂದು ಯೋಜನೆಯನ್ನು ಮುಂದಿಟ್ಟಾಗ ಅದರ ನಕ್ಷೆ ಇದೇ ಆಗಿತ್ತು: ನಡುವೆ ಒಂದು ಆಸ್ಪತ್ರೆ, ಸುತ್ತ ಕ್ಲಿನಿಕ್ಕುಗಳ ಬಲೆ. ವಸತಿ ಕೇಂದ್ರ ಹುಟ್ಟುಹಾಕಿದ ವಿಚಾರಗಳಲ್ಲೆಲ್ಲ ಅತಿ ಉಪಯುಕ್ತವಾದದ್ದು ಮಗು ವಸತಿ ಕೇಂದ್ರದಲ್ಲಿ ಇರಬೇಕಾಗಿಲ್ಲದಂತೆ ಮಾಡುವ ವಿಚಾರ. ಇದನ್ನು ಸ್ಮರಣ ಸಂಚಿಕೆಯಲ್ಲಿ ಬರೆಯಲು ನನಗೆ ಧೈರ್ಯ ಬರಲಿಲ್ಲ.

ಬಾಸ್‌ಚರ್ಚ್‌ನ ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರು ಅಲ್ಲಿಗೆ ಬಂದರು. 1921ರಲ್ಲಿ ಕೇಂದ್ರ ಆಸ್‌ವೆಸ್ಟ್ರಿಯ ಬಳಿ ಸೈನ್ಯ ಬಿಟ್ಟುಹೋದ ಆಸ್ಪತ್ರೆಗೆ ಸ್ಥಳಾಂತರವಾಯಿತು. 1927ರಲ್ಲಿ ಪಕ್ಕದಲ್ಲೇ ಕಸುಬಿನ ಕಾಲೇಜೊಂದು ಶುರುವಾಯಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದ 1948ರ ಜುಲೈ ತಿಂಗಳಲ್ಲೇ ಆಗ್ನೆಸ್ ಹಂಟ್ ತೀರಿಕೊಂಡರು. ಜೋನ್ಸ್ ಮತ್ತು ಹಂಟ್ ಇಬ್ಬರ ಹೆಸರನ್ನೂ ಹೊತ್ತ ಆಸ್ಪತ್ರೆ ಇಂದಿಗೂ ಅಲ್ಲಿದೆ.

ಇಲ್ಲಿ ನನ್ನ ಕ್ಯಾಲಿಪರಿನ ಬಗ್ಗೆ ಒಂದೆರಡು ಮಾತು ಹೇಳಬೇಕು, ಏಕೆಂದರೆ ಥಾಮಸ್ ಅವರ ಸ್ಪ್ಲಿಂಟಿನ ಚಿತ್ರವನ್ನು ನೋಡಿದ ತಕ್ಷಣ ಅದು ಇದರ ಅಜ್ಜ ಎಂದು ನನಗೆ ಗುರುತು ಹತ್ತಿತು. ಕಾಲಿನ ಎರಡು ಬದಿಗೂ ಎರಡು ಕಬ್ಬಿಣದ ಸರಳು, ತೊಡೆಯ ಬುಡದಲ್ಲಿ ಚರ್ಮದ ಸುತ್ತು, ಮಂಡಿಯ ಮೇಲೊಂದು ಚರ್ಮದ ಹೊದಿಕೆ, ಬೂಟಿನ ಹಿಮ್ಮಡಿಯೊಳಗೆ ಸರಳಿನ ತುದಿಗಳು ಹೊಕ್ಕುವ ತೂತು. ಮಂಡಿಯ ಬಳಿ ಸರಳಿಗೆ ಒಂದೊಂದು ಬಳೆ ಇರುತ್ತಿತ್ತು. ಎದ್ದು ನಿಂತಾಗ ಅದು ತಾನಾಗಿ ಕೆಳಗೆ ಜಾರಿ ಟಕ್ ಎಂದು ಕೀಲನ್ನು ಹಿಡಿಯುತ್ತಿತ್ತು, ಕೂರಬೇಕಾದರೆ ಎರಡೂ ಕೈಯಿಂದ ಬಳೆಗಳನ್ನು ಮೇಲಕ್ಕೆತ್ತಬೇಕು. ನಲವತ್ತು ಮಕ್ಕಳು ಪ್ರಾರ್ಥನೆಗೆ ಒಟ್ಟಿಗೆ ಎದ್ದಾಗ ಆ ಸದ್ದು ಸಭಾಂಗಣದ ಈ ತುದಿಯಿಂದ ಆ ತುದಿಗೆ ಹರಿಯುತ್ತಿತ್ತು. ಚರ್ಮದ ಒಳಬದಿಯಲ್ಲಿ ಬಿಳಿ ಬಣ್ಣದಿಂದ ನಂಬರು ಬರೆದಿರುತ್ತಿದ್ದರು. ನನ್ನದು 27. ನನ್ನ ಮೊದಲು ಅದೇ ಕ್ಯಾಲಿಪರನ್ನು ಹಾಕಿದ್ದವನ ನಂಬರು ಅದರ ಕೆಳಗೆ ಅರ್ಧ ಅಳಿಸಿಹೋಗಿ 14 ಎಂದು ಕಾಣುತ್ತಿತ್ತು, ಮತ್ತು ಮಂಡಿಯ ಹೊದಿಕೆ ಅವನ ಮಂಡಿಯ ಆಕಾರಕ್ಕೆ ತಗ್ಗಾಗಿತ್ತು. ಒಂದು ಮಳೆಗಾಲ ಪೂರ್ತಿ ಅಳತೆ ಸರಿಯಿಲ್ಲದ ಆ ಕ್ಯಾಲಿಪರಿನಲ್ಲಿ ನಡೆದು ತೊಡೆಯ ಒಳಗೆ ಹುಣ್ಣಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದನ್ನು ಬಿಚ್ಚಿಸಿ ಮಲಗಿಸುತ್ತಾರೆ, ಮಲಗಿದವರನ್ನು ಭೇಟಿಯ ದಿನ ಗೇಟಿನ ತನಕ ಬಿಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಭೇಟಿಯ ದಿನ ತಿಂಗಳಿಗೆ ಒಂದು ಭಾನುವಾರ. ಇದು ನಮ್ಮ ಕೇಂದ್ರದವರ ಕಲ್ಪನೆಯೇನೂ ಆಗಿರಲಿಲ್ಲ. ಇಂಥ ಮನೆಗಳ ಜೊತೆಗೇ ಹುಟ್ಟಿ, ದೇಶದಿಂದ ದೇಶಕ್ಕೆ ನಕಲಾಗುತ್ತ ಬಂದ ನಿಯಮ ಅದು. ಸೋಂಕು ತರುತ್ತಾರೆ ಎಂಬುದು ಹೇಳುವ ಕಾರಣ. ತಂದೆತಾಯಿ ಬಂದು ಹೋದ ಮೇಲೆ ಮಕ್ಕಳು ಅಳುತ್ತಾರೆ, ಬಾರದಿದ್ದರೆ ‘ಒಗ್ಗಿಕೊಳ್ಳುತ್ತಾರೆ’ ಎಂಬುದು ಒಳಗಿನ ಕಾರಣ. ಒಗ್ಗಿಕೊಂಡ ಮಗು ಎಂದರೆ ಏನೆಂದು ಜಗತ್ತಿಗೆ ತೋರಿಸಿದವರು ಲಂಡನ್ನಿನ ಸಮಾಜ ಕಾರ್ಯಕರ್ತ ಜೇಮ್ಸ್ ರಾಬರ್ಟ್‌ಸನ್. 1952ರಲ್ಲಿ ಅವರು ಎರಡು ವರ್ಷದ ಮಗುವೊಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ಕಳೆದದ್ದನ್ನು ದಿನದಿನವೂ ಚಿತ್ರೀಕರಿಸಿದರು. ಮೊದಲು ಅಳುವ, ನಂತರ ಮಂಕಾಗುವ, ಕೊನೆಗೆ ತಾಯಿ ಬಂದಾಗಲೂ ಮುಖ ತಿರುಗಿಸುವ ಆ ಮಗುವನ್ನು ನೋಡಿ ವೈದ್ಯರು, ದಾದಿಯರು ಸಿಟ್ಟಾದರು, ನಮ್ಮ ವಾರ್ಡು ಹೀಗಿಲ್ಲ ಎಂದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ ಮಕ್ಕಳ ಭೇಟಿಗೆ ಹೊತ್ತಿನ ಕಟ್ಟುಪಾಡು ಇರಬಾರದೆಂದು ಶಿಫಾರಸು ಮಾಡಿತು. ಎಂಟು ದಿನಕ್ಕೆ ಇಷ್ಟಾದರೆ ಆರು ವರ್ಷಕ್ಕೆ ಎಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಿಲ್ಲ. ಅಮ್ಮ ಬಂದ ಭಾನುವಾರಗಳಲ್ಲಿ ಮೊದಲ ಅರ್ಧ ಗಂಟೆ ಆಕೆಯೊಂದಿಗೆ ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ, ಮಾತು ಹತ್ತುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು ಎಂಬುದಷ್ಟು ನೆನಪಿದೆ.

ಜರ್ಮನಿಯ ಕಥೆಯನ್ನು ಓದಿದಾಗ ನಮ್ಮ ಗಂಟೆ, ನಮ್ಮ ನಂಬರು ಎಲ್ಲವೂ ಸಣ್ಣದಾಗಿ ಕಂಡವು. ಬರ್ಲಿನ್ನಿನ ಮೂಳೆ ವೈದ್ಯ ಕೊನ್‌ರಾಡ್ ಬೀಸಾಲ್‌ಸ್ಕಿ 1906ರಲ್ಲಿ ದೇಶದ ಅಂಗವಿಕಲ ಮಕ್ಕಳ ಗಣತಿ ನಡೆಸಿದರು. ಅದರ ಬಲದ ಮೇಲೆ 1914ರಲ್ಲಿ ಆಸ್ಪತ್ರೆ, ಶಾಲೆ, ಕಾರ್ಯಾಗಾರ ಮೂರೂ ಒಂದೇ ಆವರಣದಲ್ಲಿದ್ದ ಓಸ್ಕರ್ ಹೆಲೆನೆ ಹೈಮ್ ಎಂಬ ಕೇಂದ್ರ ಬರ್ಲಿನ್ನಿನ ಅಂಚಿನಲ್ಲಿ ತೆರೆಯಿತು. 1920ರಲ್ಲಿ ಪ್ರಷ್ಯ ರಾಜ್ಯ ಇಂಥ ಮಕ್ಕಳ ಚಿಕಿತ್ಸೆಯನ್ನೂ ಕಸುಬಿನ ಶಿಕ್ಷಣವನ್ನೂ ಕಾನೂನಿನ ಹೊಣೆಯಾಗಿ ಮಾಡಿತು. ಭಿಕ್ಷೆ ಪಡೆಯುವವನನ್ನು ತೆರಿಗೆ ಕಟ್ಟುವವನನ್ನಾಗಿ ಮಾಡುವುದು ಬೀಸಾಲ್‌ಸ್ಕಿಯವರ ಗುರಿ. ಅವರ ಕೇಂದ್ರದ ಶಿಕ್ಷಣದ ಮುಖ್ಯಸ್ಥ ಹಾನ್ಸ್ ವುರ್ಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೈ ಸೊಟ್ಟಗಾದವರ ಮನಸ್ಸೂ ಸೊಟ್ಟಗಿರುತ್ತದೆ, ಅದನ್ನು ತಿದ್ದಲು ಪ್ರತ್ಯೇಕ ಶಿಕ್ಷಣವೇ ಬೇಕು ಎಂದು ಸಿದ್ಧಾಂತ ಕಟ್ಟಿದರು. ಇದಕ್ಕೆ ಎದುರು ನಿಂತವರು ಓಟ್ಟೊ ಪೆರ್ಲ್. ಚಿಕ್ಕ ವಯಸ್ಸಿನಲ್ಲೇ ಕೀಲುಗಳು ಬಿಗಿದು ಬದುಕಿನ ಬಹುಪಾಲನ್ನು ಇಂಥ ಕೇಂದ್ರಗಳಲ್ಲೇ ಕಳೆದ ಈ ಮನುಷ್ಯ 1919ರಲ್ಲಿ ಅಂಗವಿಕಲರೇ ನಡೆಸುವ ಸ್ವಸಹಾಯ ಸಂಘವನ್ನು ಕಟ್ಟಿದರು. ನಮ್ಮ ಮನಸ್ಸಿಗೆ ಏನಾದರೂ ಆಗಿದ್ದರೆ ಅದಕ್ಕೆ ಕಾರಣ ನಮ್ಮ ಮೈಯಲ್ಲ, ನಮ್ಮನ್ನು ನೋಡುವ, ಇರಿಸುವ ರೀತಿ ಎಂಬುದು ಅವರ ವಾದದ ತಿರುಳು. ಕೇಂದ್ರದೊಳಗಿನ ಹಾಸಿಗೆಯಿಂದ ಕೇಂದ್ರದ ಬಗ್ಗೆ ಬಂದ ಇಷ್ಟು ಸ್ಪಷ್ಟವಾದ ಇನ್ನೊಂದು ದನಿ ಆ ಕಾಲದಲ್ಲಿ ನನಗೆ ಸಿಕ್ಕಿಲ್ಲ. ಅರ್ಧ ಶತಮಾನದ ನಂತರ, 1972ರಲ್ಲಿ, ಇಂಗ್ಲೆಂಡಿನ ಪಾಲ್ ಹಂಟ್ ತಾವು ವಸತಿ ಕೇಂದ್ರದಲ್ಲಿ ಕಳೆದ ವರ್ಷಗಳ ಅನುಭವದಿಂದ ಪತ್ರಿಕೆಗೆ ಬರೆದ ಪತ್ರ ಅಲ್ಲಿನ ಅಂಗವಿಕಲರ ಚಳವಳಿಗೆ ನಾಂದಿಯಾಯಿತು.

ಗಣತಿ, ಕಡ್ಡಾಯ ವರದಿ, ಆರಿಸಿ ಬೇರೆಯಿಡುವ ಮನೆಗಳು ಎಲ್ಲವೂ ಒಂದು ದೇಶದ ಆಡಳಿತಕ್ಕೆ ಅಭ್ಯಾಸವಾದ ಮೇಲೆ ಅವುಗಳ ಬಳಕೆ ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ 1939 ಸಾಕ್ಷಿ. ಆ ವರ್ಷದ ಆಗಸ್ಟ್ 18ರಂದು ನಾಜಿ ಸರ್ಕಾರ ಮೂರು ವರ್ಷದೊಳಗಿನ ತೀವ್ರ ಅಂಗವೈಕಲ್ಯದ ಮಕ್ಕಳ ಬಗ್ಗೆ ವೈದ್ಯರು ಮತ್ತು ಸೂಲಗಿತ್ತಿಯರು ವರದಿ ಮಾಡಬೇಕೆಂದು ಗುಟ್ಟಾಗಿ ಆದೇಶ ಹೊರಡಿಸಿತು. ಒಳ್ಳೆಯ ಚಿಕಿತ್ಸೆ ಸಿಗುತ್ತದೆ ಎಂದು ತಂದೆತಾಯಿಯರನ್ನು ನಂಬಿಸಿ ವಿಶೇಷ ವಾರ್ಡುಗಳಿಗೆ ಒಯ್ದ ಮಕ್ಕಳಲ್ಲಿ ಕಡಿಮೆಯೆಂದರೂ 5,000 ಮಂದಿಯನ್ನು ಔಷಧ ಕೊಟ್ಟೋ ಹಸಿವಿನಿಂದಲೋ ಕೊಂದರು.

ಪೋಲಿಯೊ ಈ ಕಥೆಯ ಕೊನೆಯ ದೊಡ್ಡ ರೋಗ. ಕ್ಷಯಕ್ಕೆ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ ಮೇಲೆ, ಹಾಲನ್ನು ಪಾಶ್ಚರೀಕರಿಸುವುದು ರೂಢಿಯಾದ ಮೇಲೆ ಬಯಲು ಗಾಳಿಯ ಕೊಟ್ಟಿಗೆಗಳು ಖಾಲಿಯಾಗುತ್ತ ಬಂದವು. ಆ ಹಾಸಿಗೆಗಳಿಗೆ ಪೋಲಿಯೊ ಮಕ್ಕಳು ಬಂದರು. ಕ್ಷಯದ ಮೂಳೆಗೆಂದು ಹುಟ್ಟಿದ ದೀರ್ಘ ವಿಶ್ರಾಂತಿಯನ್ನು ಪೋಲಿಯೊದ ಸ್ನಾಯುವಿಗೂ ಹಾಗೆಯೇ ಹಾಕಿದ್ದು ತಪ್ಪು ಎಂದು ಗಟ್ಟಿಯಾಗಿ ಹೇಳಿದವರು ಆಸ್ಟ್ರೇಲಿಯದ ದಾದಿ ಎಲಿಜಬೆತ್ ಕೆನ್ನಿ. ಸ್ಪ್ಲಿಂಟು ಬಿಚ್ಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಯ ಬಟ್ಟೆ ಹೊದಿಸಿ, ಸ್ನಾಯುಗಳಿಗೆ ಕೆಲಸ ಕಲಿಸಿ ಎಂದ ಅವರನ್ನು ವೈದ್ಯರು ಬಹಳ ಕಾಲ ಒಪ್ಪಲಿಲ್ಲ. ರೋಗದ ಕಾರಣದ ಬಗ್ಗೆ ಅವರ ವಿವರಣೆ ನಿಲ್ಲಲಿಲ್ಲ, ವಿಧಾನ ನಿಂತಿತು. ನಾನು ಮಾಡಿದ ವ್ಯಾಯಾಮಗಳೆಲ್ಲ ಆ ವಂಶದವೇ. ಅಮೆರಿಕದಲ್ಲಿ ಸ್ವತಃ ಪೋಲಿಯೊ ಪೀಡಿತರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1927ರಲ್ಲಿ ಜಾರ್ಜಿಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕಟ್ಟಿದ ಕೇಂದ್ರ ಬಿಸಿನೀರಿನ ಕೊಳಗಳಿಗೂ ಹಬ್ಬದ ವಾತಾವರಣಕ್ಕೂ ಹೆಸರಾಯಿತು. ಕಪ್ಪು ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ, ಅವರಿಗೆಂದು ಟಸ್ಕೀಗಿಯಲ್ಲಿ ಬೇರೆ ಕೇಂದ್ರ ಶುರುವಾದದ್ದು 1941ರಲ್ಲಿ. ಮುಂಬಯಿಯಲ್ಲಿ 1947ರಲ್ಲಿ ಪೋಲಿಯೊ ಮಕ್ಕಳಿಗೆ ಚಿಕಿತ್ಸಾಲಯ ತೆರೆದ ಫಾತಿಮಾ ಇಸ್ಮಾಯಿಲ್ ವೈದ್ಯರಲ್ಲ, ಪೋಲಿಯೊ ತಗುಲಿದ ಹೆಣ್ಣುಮಗುವಿನ ತಾಯಿ.

1955ರ ಏಪ್ರಿಲ್ 12ರಂದು ಸಾಲ್ಕ್ ಲಸಿಕೆ ಫಲಕಾರಿ ಎಂದು ಘೋಷಣೆಯಾಯಿತು. ಭಾರತದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು; 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಆ ಸುದ್ದಿಯನ್ನು ಓದಿದ ದಿನ ನನಗೆ ಹೆಚ್ಚು ಸಂತೋಷವಾಯಿತೋ, ನಮ್ಮ ಜಾತಿಯೇ ಮುಗಿಯಿತು ಎಂಬ ವಿಚಿತ್ರವಾದ ಒಂಟಿತನವೇ ಹೆಚ್ಚಾಯಿತೋ ಹೇಳಲಾರೆ. ಕೇಂದ್ರಗಳೇನೂ ಮುಚ್ಚಲಿಲ್ಲ. ಮಿದುಳಿನ ಹಾನಿಯಿಂದ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿಯ, ಸ್ನಾಯು ಕ್ಷೀಣಿಸುವ ರೋಗಗಳ ಮಕ್ಕಳು ಬಂದರು. ಕ್ಯಾಲಿಪರು ಹಾಕಿ ನಡೆಸಿ ಕಳಿಸುವ ಲೆಕ್ಕ ಅವರಿಗೆ ಒಪ್ಪುವಂಥದ್ದಲ್ಲ. ಬಹುಮಂದಿಗೆ ಬೇಕಾದದ್ದು ಚಿಕಿತ್ಸೆಯ ಹಾಸಿಗೆಗಿಂತ ಹೆಚ್ಚಾಗಿ ಗಾಲಿಕುರ್ಚಿ ಹೋಗುವ ಬಾಗಿಲು, ದಿನವೂ ಸಿಗುವ ಸಹಾಯದ ಕೈ.

ಒಂದೇ ಬಗೆಯ ಮಕ್ಕಳು ಒಂದೇ ಸೂರಿನಡಿ ಸಿಗುವುದರ ಇನ್ನೊಂದು ಅಪಾಯವನ್ನು ನಾನು ತಿಳಿದದ್ದು ಈಚೆಗೆ. ಮೂಳೆ ಕ್ಷಯದ ಮಕ್ಕಳಿಗೆಂದು 1908ರಲ್ಲಿ ಇಂಗ್ಲೆಂಡಿನ ಆಲ್ಟನ್‌ನಲ್ಲಿ ವಿಲಿಯಂ ಟ್ರೆಲೋರ್ ಸ್ಥಾಪಿಸಿದ ಸಂಸ್ಥೆ ಕಾಲಕ್ರಮದಲ್ಲಿ ಅಂಗವಿಕಲ ಮಕ್ಕಳ ವಸತಿ ಶಾಲೆಯಾಗಿ, 1970 ಮತ್ತು 1980ರ ದಶಕಗಳಲ್ಲಿ ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯ ರೋಗದ ಹುಡುಗರನ್ನೂ ಸೇರಿಸಿಕೊಂಡಿತು. ಶಾಲೆಯ ಆವರಣದಲ್ಲೇ ಚಿಕಿತ್ಸಾ ಕೇಂದ್ರವಿತ್ತು. ಅಲ್ಲಿ ಕೊಟ್ಟ ಸೋಂಕುಪೀಡಿತ ರಕ್ತೋತ್ಪನ್ನಗಳಿಂದ ಹುಡುಗರಿಗೆ ಹೆಪಟೈಟಿಸ್, ಎಚ್‌ಐವಿ ತಗುಲಿತು. ಅಂಥ 122 ವಿದ್ಯಾರ್ಥಿಗಳಲ್ಲಿ ಬದುಕುಳಿದವರು ಸುಮಾರು 30 ಮಂದಿ. ಮಕ್ಕಳನ್ನು ಸಂಶೋಧನೆಯ ವಸ್ತುಗಳಂತೆ ಕಂಡಿದ್ದರು ಎಂದು 2024ರ ಮೇ ತಿಂಗಳಲ್ಲಿ ಪ್ರಕಟವಾದ ಸಾರ್ವಜನಿಕ ವಿಚಾರಣೆಯ ವರದಿ ಹೇಳಿತು. ತಂದೆತಾಯಿಯರಿಗೆ ಸರಿಯಾಗಿ ತಿಳಿಸಿರಲಿಲ್ಲ, ಅವರು ದೂರದಲ್ಲಿದ್ದರು.

ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೆಯ ವಿಧಿ, ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸಕೂಡದು ಎನ್ನುತ್ತದೆ. ಮನೆಯವರಿಂದ ಆಗದಿದ್ದರೆ ಬಂಧುಗಳಲ್ಲಿ, ಅದೂ ಆಗದಿದ್ದರೆ ಸಮಾಜದೊಳಗೇ ಕುಟುಂಬದಂಥ ಪರಿಸರದಲ್ಲಿ ಎಂದು ಕ್ರಮ ಹೇಳುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೂ ಕೇಂದ್ರಗಳನ್ನೆಲ್ಲ ನಾಳೆಯೇ ಮುಚ್ಚಿ ಎನ್ನುವವರೊಂದಿಗೆ ಪೂರ್ತಿ ದನಿಗೂಡಿಸಲಾರೆ. ನನ್ನ ಪಕ್ಕದ ಹಾಸಿಗೆಯವನಿಗೆ ಶಾಲೆ ಎಂಬುದು ಸಿಕ್ಕಿದ್ದೇ ಅಲ್ಲಿ. ಮನೆಯಲ್ಲಿದ್ದಿದ್ದರೆ ಅವನು ಒಂದು ಮೂಲೆಯಲ್ಲಿ ಇರುತ್ತಿದ್ದ, ಅವನೇ ಹಾಗೆ ಹೇಳುತ್ತಾನೆ. ಕ್ಲಿನಿಕ್ಕಿನ ಬಲೆ ಇಲ್ಲದೆ ನಡುವಿನ ಆಸ್ಪತ್ರೆಯನ್ನು ಮಾತ್ರ ಕೆಡವಿದರೆ ಮಗು ವಾಪಸು ಹೋಗುವುದು ಆ ಮೂಲೆಗೇ.

ಸಂಚಿಕೆಯ ಕೆಲಸಕ್ಕೆಂದು ಕೇಂದ್ರಕ್ಕೆ ಹೋದಾಗ ಅಲ್ಲಿನ ದಾಖಲಾತಿ ರಿಜಿಸ್ಟರನ್ನು ನನ್ನ ಮುಂದೆ ಇಟ್ಟರು. ಉದ್ದನೆಯ ಹಾಳೆ, ಕೆಂಪು ಗೆರೆಗಳು. ಕ್ರಮಸಂಖ್ಯೆ, ಹೆಸರು, ವಯಸ್ಸು, ರೋಗ, ದಾಖಲಾದ ದಿನಾಂಕ, ಬಿಡುಗಡೆಯ ದಿನಾಂಕ, ಷರಾ. ಆಸ್ಪತ್ರೆಗೂ ಜೈಲಿಗೂ ಬಿಡುಗಡೆ ಎಂಬ ಒಂದೇ ಮಾತು ಇರುವುದನ್ನು ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. ಷರಾ ಕಲಮಿನಲ್ಲಿ ಹೆಚ್ಚಿನವರ ಮುಂದೆ ಏನೂ ಇಲ್ಲ. ಕೆಲವರ ಮುಂದೆ ‘ಸುಧಾರಿಸಿದೆ’, ಇಬ್ಬರ ಮುಂದೆ ‘ಮೃತ’. ನನ್ನ ಸಾಲಿನ ಮುಂದೆ ಗುಂಡು ಅಕ್ಷರದಲ್ಲಿ ಹೀಗಿತ್ತು: ‘ಮನೆಗೆ ಹೋಗಿ ನೋಡಲಾಯಿತು. ಬಾಗಿಲಿಗೆ ಮೂರು ಮೆಟ್ಟಿಲು. ಹಿಡಿದುಕೊಳ್ಳಲು ಏನೂ ಇಲ್ಲ. ತಂದೆಗೆ ತಿಳಿಸಿದೆ.’

ಯಾರೋ ಒಬ್ಬರು ನನ್ನನ್ನು ಕಳಿಸುವ ಮೊದಲು ನಮ್ಮ ಮನೆಯವರೆಗೆ ಬಂದು ಮೆಟ್ಟಿಲು ಎಣಿಸಿ ಹೋಗಿದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಬರೆದವರು ಯಾರೆಂದು ಕೇಳಿದರೆ ಈಗಿನವರಿಗೂ ಗೊತ್ತಿಲ್ಲ. ಕೈಬರಹ ಆ ಒಂದು ವರ್ಷ ಮಾತ್ರ ಇದೆ. ನಾನು ಮನೆಗೆ ಬಂದ ದಿನ ಮೆಟ್ಟಿಲ ಪಕ್ಕದ ಗೋಡೆಗೆ ಹೊಸದಾಗಿ ಕಬ್ಬಿಣದ ಕಂಬಿಯೊಂದನ್ನು ಹೊಡೆದಿತ್ತು. ಅಪ್ಪ ಅದನ್ನು ತನ್ನ ಕೈಯ ಎತ್ತರಕ್ಕೆ ಹಾಕಿಸಿದ್ದ. ನನಗೆ ಎಟುಕಲಿಲ್ಲ. ಆ ವಾರವೇ ಅದನ್ನು ಕಿತ್ತು ಒಂದು ಮೊಳ ಕೆಳಗೆ ಹಾಕಿಸಿದ, ಮೇಲಿನ ನಾಲ್ಕು ತೂತುಗಳಿಗೆ ಸಿಮೆಂಟು ಮೆತ್ತಿಸಿದ. ಗೋಡೆಗೆ ಆಮೇಲೆ ಎಷ್ಟು ಸಲ ಸುಣ್ಣ ಹೊಡೆದರೂ ಆ ನಾಲ್ಕು ಗುರುತು ಕಾಣುತ್ತಲೇ ಇವೆ.